ನಾನು ಬರೆಸಿದ ಸೊನ್ನೆ

ಕಳೆದ ಭಾನುವಾರ ದೇವದುರ್ಗದ ಒಂದು ಮನೆಯ ಗೋಡೆಯ ಮೇಲೆ ನನ್ನ ಸಹಿ ನೋಡಿದೆ.

ಗಾಜಿನ ಫ್ರೇಮು. ಅದಕ್ಕೊಂದು ಪ್ಲಾಸ್ಟಿಕ್ ಹೂವಿನ ಹಾರ. ಒಂದು ಕಡೆ ಬುದ್ಧನ ಫೋಟೋ, ಇನ್ನೊಂದು ಕಡೆ ಎಲ್ಲಮ್ಮನ ಕ್ಯಾಲೆಂಡರು, ನಡುವೆ ನಮ್ಮ ಕಾಲೇಜಿನ ಸರ್ಟಿಫಿಕೇಟು. ‘ಕುಮಾರ ಹನುಮೇಶ ಇವರು ಮದ್ಯಪಾನ ತಡೆ ಆನ್‌ಲೈನ್ ಕಾರ್ಯಕ್ರಮವನ್ನು ಯಶಸ್ವಿಯಾಗಿ ಪೂರೈಸಿದ್ದು, ಮದ್ಯಪಾನದಿಂದ ಸಂಪೂರ್ಣ ಮುಕ್ತರಾಗಿರುತ್ತಾರೆ.’ ಕೆಳಗೆ ಪ್ರಿನ್ಸಿಪಾಲರ ಸಹಿ. ಅದರ ಪಕ್ಕದಲ್ಲಿ ನೋಡಲ್ ಆಫೀಸರ್ ಎಂದು ನನ್ನ ಸಹಿ.

ಸಹಿ ನನ್ನದೇ. ಅಲ್ಲಿ ಬರೆದಿರುವ ಸುಳ್ಳೂ ನನ್ನದೇ.

ವಾರವಾರ ಈ ಜಾಗದಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವವರನ್ನು ಬಿಟ್ಟಿಲ್ಲ, ಮದುವೆಯಲ್ಲಿ ಡಿಜೆ ಹಚ್ಚಿ ಓಣಿಯ ಕಿವಿ ಕೆಡಿಸುವವರನ್ನು ಬಿಟ್ಟಿಲ್ಲ. (“ನಿನ್ನ ಕಾಲಂ ದೆಸಿಂದ ನಾ ಓಣ್ಯಾಗ ತಲಿ ಎತ್ತಿ ತಿರುಗೋದು ಕಷ್ಟ ಆಗ್ಯಾದ” ಎಂದು ನಮ್ಮ ಮನೆಯವರು ಗೊಣಗುತ್ತಲೇ ಇರುತ್ತಾರೆ.) ಈ ವಾರ ಬೈಸಿಕೊಳ್ಳಬೇಕಾದವಳು ನಾನೇ. ತಪ್ಪಿಸಿಕೊಳ್ಳಲು ಬೇರೆ ವಿಷಯ ಹುಡುಕಿದೆ. ಸಿಗಲಿಲ್ಲ.

ಹೊಸದಾಗಿ ಓದುವವರಿಗಾಗಿ ಹೇಳಿಬಿಡುತ್ತೇನೆ. ರಾಯಚೂರಿನಲ್ಲಿ ಮನೆ, ಮಾನ್ವಿಯಲ್ಲಿ ನೌಕರಿ, ನಡುವೆ ದಿನಾ ಬಸ್ಸು. ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಕನ್ನಡ ಕಲಿಸುವವರಿಗೆ ಕೆಲಸವೇ ಇರುವುದಿಲ್ಲ ಎಂಬ ಗಟ್ಟಿ ನಂಬಿಕೆ ಎಲ್ಲ ಕಾಲೇಜುಗಳಲ್ಲೂ ಇದೆ. ಸ್ವಾಗತ ಭಾಷಣಕ್ಕೆ ನಾವು, ಸಸಿ ನೆಡಲು ನಾವು, ರಂಗೋಲಿ ಸ್ಪರ್ಧೆಗೆ ಮಾರ್ಕ್ಸ್ ಹಾಕಲು ನಾವು. ಹೋದ ವರ್ಷ ಚಳಿಗಾಲದಲ್ಲಿ ಈ ಆನ್‌ಲೈನ್ ಕಾರ್ಯಕ್ರಮ ಬಂದಾಗ ಪ್ರಿನ್ಸಿಪಾಲರು ಮೊದಲು ನೋಡಿದ್ದು ನನ್ನ ಮುಖವನ್ನೇ.

“ಮೇಡಂ, ನೀವಾ ನೋಡಲ್ ಆಫೀಸರ್.”

“ಸರ್, ಕುಡಿಯೋದರ ಬಗ್ಗೆ ನಂಗೇನು ಗೊತ್ತದರಿ?”

“ಅದಕ್ಕಾ ನಿಮಗ ಕೊಟ್ಟಿದ್ದು.”

ಸ್ಟಾಫ್‌ರೂಮಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಾರ್ಯಕ್ರಮ ಬಹಳ ಸರಳ. ವಿದ್ಯಾರ್ಥಿಯ ಮೊಬೈಲಿಗೆ ಒಂದು ಲಿಂಕು ಬರುತ್ತದೆ. ಅವನು ಒಬ್ಬನೇ ಕೂತು ಒಂದಿಷ್ಟು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ವಾರದಲ್ಲಿ ಎಷ್ಟು ದಿನ ಕುಡಿಯುತ್ತೀರಿ? ಒಮ್ಮೆ ಕೂತರೆ ಎಷ್ಟು ಕುಡಿಯುತ್ತೀರಿ? ಕುಡಿದಿದ್ದರಿಂದ ಕ್ಲಾಸು ತಪ್ಪಿದೆಯೇ? ನಿನ್ನೆ ಏನಾಯಿತೆಂದು ಇವತ್ತು ನೆನಪಿಲ್ಲದೆ ಹೋಗಿದ್ದುಂಟೇ? ಉತ್ತರ ಯಾರಿಗೂ ಕಾಣುವುದಿಲ್ಲ. ನೋಡಲ್ ಆಫೀಸರಿಗೆ ಕಾಣುವುದು ಹೆಸರಿನ ಮುಂದಿನ ಬಣ್ಣ ಮಾತ್ರ. ಕುಡಿಯುವುದಿಲ್ಲ ಎಂದವರಿಗೆ ಹಸಿರು. ಅವರದು ಅಲ್ಲಿಗೇ ಮುಗಿಯಿತು, ಸರ್ಟಿಫಿಕೇಟು ಬಂತು. ಜಾಸ್ತಿ ಕುಡಿಯುವವರಿಗೆ ಕೆಂಪು. ಅವರಿಗೆ ಆರು ವಾರ ಪಾಠ, ವಾರವಾರ ಮೆಸೇಜು, ಎರಡು ಸಲ ಕೌನ್ಸೆಲರ್ ಫೋನು. ಅದೆಲ್ಲ ಮುಗಿದ ಮೇಲೆಯೇ ಅವರ ಹೆಸರಿನ ಮುಂದೆ ‘ಕಂಪ್ಲೀಟ್’ ಎಂದು ಬೀಳುವುದು.

“ಮೊಬೈಲ್ ಕುಡಿತ ಬಿಡಸ್ತದಂತ. ಮೊಬೈಲ್ ಬಿಡಸೋರು ಯಾರ್ರಿ?” ಎಂದು ನಾನೇ ಜೋಕು ಮಾಡಿದ್ದೆ. ಅದಕ್ಕೂ ನಕ್ಕಿದ್ದರು.

ಲಿಂಕು ಬಂದು ಎರಡೇ ದಿನಕ್ಕೆ, ಒಂದು ಶುಕ್ರವಾರ, ಪ್ರಿನ್ಸಿಪಾಲರು ಓಡಿಬಂದರು. ಸೋಮವಾರ ಬೆಂಗಳೂರಿನಿಂದ ಕಮಿಟಿ ಬರುತ್ತದೆ, ಕಾಲೇಜಿನ ಸಾಧನೆಗಳ ಪಟ್ಟಿಯಲ್ಲಿ ಇದನ್ನೂ ತೋರಿಸಬೇಕು, ನೂರಕ್ಕೆ ನೂರು ಕಂಪ್ಲೀಟ್ ಆಗಿರಬೇಕು. ನಾನು ಸಂಜೆಯೊಳಗೆ ಮಾಡಿ ಮುಗಿಸುತ್ತೇನೆ ಎಂದೆ. ಮಾಡಿಯೂ ಮುಗಿಸಿದೆ. ಹೇಗೆ ಗೊತ್ತೇ?

ಉಕ್ತಲೇಖನ!

ಹೌದು, ಒಂದನೇ ಈಯತ್ತೆಯ ಮಕ್ಕಳಿಗೆ ಬರೆಸುತ್ತೇವಲ್ಲ, ಅದೇ. ಕ್ಲಾಸು ಕ್ಲಾಸೇ ಎಬ್ಬಿಸಿಕೊಂಡು ಕಂಪ್ಯೂಟರ್ ಲ್ಯಾಬಿಗೆ ಹೋದೆ. ಒಂದು ಕಂಪ್ಯೂಟರಿಗೆ ಮೂವರು. ಮುಂದೆ ನಿಂತು ನಾನು ಹೇಳುತ್ತಾ ಹೋದೆ, ಅವರು ಒತ್ತುತ್ತಾ ಹೋದರು.

“ಒಂದನೇ ಪ್ರಶ್ನೆ, ಸೊನ್ನಿ ಹಾಕ್ರಿ. ಎರಡನೇದು, ಅದೂ ಸೊನ್ನಿ. ಮೂರನೇದು, ಇಲ್ಲ ಅಂತ ಒತ್ರಿ. ಹಿಂದ ಯಾರದು ನಗಾಕತ್ತಿದ್ದು? ಒತ್ರಿ ಜಲ್ದಿ.”

“ಮೇಡಂ, ಬೀರು ಲೆಕ್ಕಕ್ಕ ಬರ್ತದೇನ್ರಿ?” ಹಿಂದಿನ ಸಾಲಿನಿಂದ ಒಬ್ಬ ಕೇಳಿದ. ಇಡೀ ಲ್ಯಾಬು ಹೋ ಎಂದಿತು.

“ಬಾಯಿ ಮುಚ್ಚಿ ಸೊನ್ನಿ ಹಾಕು” ಎಂದೆ.

ಅವನು ಹಾಕಿದ. ಎಲ್ಲರೂ ಹಾಕಿದರು. ನನ್ನ ವಿದ್ಯಾರ್ಥಿಗಳು ಅಷ್ಟು ಶಿಸ್ತಿನಿಂದ ನಾನು ಹೇಳಿದ್ದನ್ನು ಕೇಳಿದ್ದು ಅದೇ ಮೊದಲು.

ಮೂರು ಗಂಟೆಯ ಹೊತ್ತಿಗೆ ಲಿಸ್ಟು ಪೂರ್ತಿ ಹಸಿರಾಗಿತ್ತು. ಒಂದು ಹೆಸರು ಬಿಟ್ಟು. ಹನುಮೇಶ, ಬಿ.ಎ. ಎರಡನೇ ವರ್ಷ. ಅವನು ಲಿಂಕು ಬಂದ ದಿನವೇ ತನ್ನ ರೂಮಿನಲ್ಲಿ ಕೂತು, ತನ್ನ ಮೊಬೈಲಿನಲ್ಲಿ, ಒಬ್ಬನೇ ಉತ್ತರ ತುಂಬಿದ್ದ. ಆ ಕಾರ್ಯಕ್ರಮವನ್ನು ಹೇಗೆ ಮಾಡಬೇಕೋ ಹಾಗೆ ಮಾಡಿದವನು ಇಡೀ ಕಾಲೇಜಿನಲ್ಲಿ ಅವನೊಬ್ಬನೇ.

ಈ ಹುಡುಗ ನನಗೆ ಚೆನ್ನಾಗಿ ಗೊತ್ತು. ದೇವದುರ್ಗದವನು, ಮಾನ್ವಿಯಲ್ಲಿ ಮೂವರು ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದ. ಕ್ಲಾಸಿನಲ್ಲಿ ಹಳಗನ್ನಡದ ಪದ್ಯ ಓದಲು ಯಾರನ್ನಾದರೂ ಎಬ್ಬಿಸಿದರೆ ಬೆಂಚಿನ ಕೆಳಗೆ ಅಡಗುವವರೇ ಜಾಸ್ತಿ. ಇವನು ಎದ್ದು ನಿಂತು, ಒಂದು ಕಡೆಯೂ ತಡವರಿಸದೆ ಓದುತ್ತಿದ್ದ. ಕೊನೆಯ ಸಾಲು ಓದಿದ ಮೇಲೆ ‘ಸರಿ ಆತೇನ್ರಿ ಮೇಡಂ?’ ಎನ್ನುವ ಹಾಗೆ ನನ್ನ ಕಡೆ ನೋಡುತ್ತಿದ್ದ. ನಾನು ತಲೆ ಆಡಿಸಿದರೆ ಅವನಿಗೆ ಅವತ್ತಿಡೀ ಖುಷಿ.

ಸ್ಟಾಫ್‌ರೂಮಿಗೆ ಕರೆಸಿದೆ. ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ಬಂದ. ಯಾಕೆ ಅಷ್ಟು ತಯಾರಾಗಿ ಬಂದನೆಂದು ಆಗ ನಾನು ಯೋಚಿಸಲಿಲ್ಲ.

“ಏನಪ್ಪಾ ಇದು? ಕಾಲೇಜಿಗೆಲ್ಲ ನೀನೊಬ್ಬನಾ ಕೆಂಪು?”

ಅವನು ಸುತ್ತ ನೋಡಿದ. ಇಬ್ಬರು ಲೆಕ್ಚರರ್‌ಗಳು ಅಲ್ಲೇ ಚಾ ಕುಡಿಯುತ್ತಿದ್ದರು. ದನಿ ತಗ್ಗಿಸಿ, “ಮೇಡಂ, ಖರೇ ಬರದೀನ್ರಿ” ಎಂದ. ಮೊಬೈಲು ತೆಗೆದು ನನ್ನ ಕೈಗೇ ಕೊಟ್ಟ.

ವಾರದಲ್ಲಿ ಐದು ದಿನ. ಕ್ಲಾಸು ತಪ್ಪಿದೆಯೇ? ಹೌದು. ನೆನಪಿಲ್ಲದೆ ಹೋಗಿದ್ದುಂಟೇ? ಹೌದು. ಕೆಳಗೆ ಕೊನೆಯ ಪ್ರಶ್ನೆ: ‘ಇದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸುತ್ತದೆಯೇ? ಒಬ್ಬರ ಹೆಸರು ಬರೆಯಿರಿ.’

ಅವನು ಬರೆದಿದ್ದ: ‘ಕನ್ನಡ ಮೇಡಂ.’

ಓದುಗರೇ, ನನಗೆ ಹೆಮ್ಮೆ ಆಯಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಒಂದು ಕ್ಷಣ ಹೆಮ್ಮೆಯೇ ಆಯಿತು. ಆಮೇಲೆ ಗಡಿಯಾರ ನೋಡಿದೆ. ನಾಲ್ಕೂವರೆಗೆ ನನ್ನ ರಾಯಚೂರು ಬಸ್ಸು.

“ಇದೆಲ್ಲಾ ಆಮ್ಯಾಲ ಮಾತಾಡೋಣಪ್ಪಾ. ಮೊದಲ ಇದನ್ನ ಹಸಿರು ಮಾಡು. ಸೋಮವಾರ ಕಮಿಟಿ ಬರ್ತದ.”

“ಸುಳ್ಳ ಬರೀಲೇನ್ರಿ?”

“ಎಲ್ಲಾರೂ ಅದನ್ನಾ ಮಾಡ್ಯಾರಲ್ಲಪ್ಪಾ.”

“ಸೊನ್ನಿ ಹಾಕಿದ್ರ ಏನೂ ತ್ರಾಸ ಆಗಂಗಿಲ್ಲೇನ್ರಿ ಮೇಡಂ?”

“ಏನ್ ತ್ರಾಸ? ಸೊನ್ನಿ ಹಾಕಿದ್ರ ಯಾರಿಗೂ ತ್ರಾಸಿಲ್ಲ.”

‘ಮತ್ತೆ ಶುರು ಮಾಡಿ’ ಎಂಬ ಬಟನ್ನು ನಾನೇ ಒತ್ತಿ ಮೊಬೈಲು ಅವನ ಕೈಗೆ ಕೊಟ್ಟೆ. ಅವನು ಸೊನ್ನೆ ಹಾಕಿದ. ಸೊನ್ನೆ ಹಾಕಿದವರಿಗೆ ಆ ಕೊನೆಯ ಪ್ರಶ್ನೆ ಬರುವುದೇ ಇಲ್ಲ. ನನ್ನ ಹೆಸರು ಹೋಯಿತು, ಹಸಿರು ಬಂತು. “ಶಾಣ್ಯಾ” ಎಂದು ಅವನ ಬೆನ್ನು ತಟ್ಟಿ ಬಸ್ ಸ್ಟ್ಯಾಂಡಿಗೆ ಓಡಿದೆ. ನನಗೆ ಸೀಟೂ ಸಿಕ್ಕಿತು.

ಸೋಮವಾರ ಕಮಿಟಿಯವರು ನನಗೆ ಶಾಲು ಹೊದಿಸಿದರು. ಆ ‘ಆಮ್ಯಾಲ’ ಮಾತ್ರ ಬರಲೇ ಇಲ್ಲ. ಅವನು ಒಂದೆರಡು ಸಲ ಸ್ಟಾಫ್‌ರೂಮಿನ ಬಾಗಿಲ ಹತ್ತಿರ ನಿಂತಿದ್ದು ನೆನಪಿದೆ. ನಾನು ಪೇಪರ್ ತಿದ್ದುತ್ತಿದ್ದೆ. ಅಥವಾ ಯಾರ ಜೊತೆಗೋ ಮಾತಾಡುತ್ತಿದ್ದೆ. ಈ ದಸರಾ ಆದ ಮೇಲೆ ಅವನು ಕಾಲೇಜಿಗೆ ಬರುವುದನ್ನು ನಿಲ್ಲಿಸಿದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರು ಎಂದು ಬರೆಯುತ್ತಾ ಹೋದೆ. ಒಂದು ಫೋನು ಮಾಡಬಹುದಿತ್ತಲ್ಲ? ಮಾಡಲಿಲ್ಲ.

ಕಳೆದ ಭಾನುವಾರಕ್ಕೆ ಮೂರು ದಿನ ಮೊದಲು, ಗುರುವಾರ, ಅವನನ್ನು ನೋಡಿದೆ. ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ, ದೇವದುರ್ಗದ ಬಸ್ಸು ನಿಲ್ಲುವ ಕಡೆ, ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದ. ಮೊದಲು ಗುರುತೇ ಸಿಗಲಿಲ್ಲ. ಕಣ್ಣು ಒಳಗೆ ಹೋಗಿದ್ದವು, ಅಂಗಿಯ ಮೇಲೆ ವಾಂತಿಯ ಕಲೆ. “ಏ ಯಪ್ಪಾ, ಹಿಂಗ ಕುಡದು ಬಂದ್ರ ನಾ ಹ್ಯಾಂಗ ಹತ್ತಿಸ್ಕೊಳ್ಳಲಿ? ಬಸ್ಸಿನ್ಯಾಗ ಹೆಣಮಕ್ಕಳು ಅದಾರ” ಎಂದು ಕಂಡಕ್ಟರ್ ಅವನನ್ನು ಇಳಿಸಿ ಹೋಗಿದ್ದ.

ಹನುಮೇಶ ನನ್ನನ್ನು ನೋಡಿದ. ಕಂಬ ಹಿಡಿದು ಎದ್ದು ನಿಂತ. ಅಂಗಿಯ ಗುಂಡಿ ಹಾಕಿಕೊಳ್ಳಲು ನೋಡಿದ. ಬೆರಳು ನಡುಗಿ ಗುಂಡಿ ಸಿಗಲಿಲ್ಲ. ಹಾಗೆಯೇ ಕೈ ಮುಗಿದು, “ನಮಸ್ಕಾರ್ರಿ ಮೇಡಂ” ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಮಸ್ಕಾರ ತಡೆಯಲಾಗಲಿಲ್ಲ.

ಬೆಂಚಿನ ಮೇಲೆ ಕೂರಿಸಿದೆ, ನೀರು ಕುಡಿಸಿದೆ, ಮಜ್ಜಿಗೆ ಕುಡಿಸಿದೆ. ಒಂದು ತಾಸು ಬಿಟ್ಟು ಬಂದ ಇನ್ನೊಂದು ಬಸ್ಸಿನ ಕಂಡಕ್ಟರಿಗೆ ಕೈಮುಗಿದು ಹತ್ತಿಸಿ ಕಳಿಸಿದೆ. ಆಮೇಲೆ ನನ್ನ ಬಸ್ಸು ಹತ್ತಿದೆ. ದಾರಿಯಲ್ಲಿ ಸಿಗುವ ಕಲ್ಮಲ ಊರು ದಾಟುವವರೆಗೂ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಪಕ್ಕದಲ್ಲಿದ್ದ ಹೆಂಗಸು, “ಯಾಕ್ರೀ ಯಕ್ಕಾ, ಯಾರರ ಹೋದ್ರೇನು?” ಎಂದು ಕೇಳಿದಳು.

ಈ ವರ್ಷದ ಲಿಂಕು ಅದರ ಹಿಂದಿನ ದಿನವೇ, ಬುಧವಾರ, ಬಂದಿತ್ತು. (ನೋಡಲ್ ಆಫೀಸರ್ ಮತ್ತೆ ನಾನೇ. ಶಾಲು ಹೊದಿಸಿಕೊಂಡವಳಲ್ಲವೇ?) ಮನೆಗೆ ಬಂದವಳೇ ಅದನ್ನು ತೆರೆದೆ. ಹನುಮೇಶ ಏನೇನು ಬರೆದಿದ್ದನೋ ಅದನ್ನೇ ಬರೆದೆ. ವಾರದಲ್ಲಿ ಐದು ದಿನ, ಹೌದು, ಹೌದು. ನೋಡಲ್ ಆಫೀಸರಿಗೆ ಆರೂ ವಾರದ ಪಾಠ, ಮೆಸೇಜು ಎಲ್ಲ ಒಮ್ಮೆಲೇ ತೆರೆಯುತ್ತವೆ. ಆ ಕಾರ್ಯಕ್ರಮವನ್ನು ನಾನು ಪೂರ್ತಿ ನೋಡಿದ್ದು ಅದೇ ಮೊದಲ ಸಲ ಎಂದರೆ ನಂಬುತ್ತೀರಾ?

ಅದರಲ್ಲಿ ಎಲ್ಲೂ ಬೈಗುಳ ಇರಲಿಲ್ಲ. ‘ಖರೇ ಹೇಳಿದ್ದಕ್ಕೆ ಥ್ಯಾಂಕ್ಸ್’ ಎಂದು ಶುರುವಾಯಿತು. ಎಲ್ಲರೂ ಕುಡಿಯುತ್ತಾರೆ ಎಂದು ನಿಮಗೆ ಅನ್ನಿಸುತ್ತಿರಬಹುದು, ನೀವು ಅಂದುಕೊಂಡಷ್ಟು ಜನ ಕುಡಿಯುವುದಿಲ್ಲ ಎಂದಿತು. ಶನಿವಾರ ಸಂಜೆ ಗೆಳೆಯರು ಕರೆಯುವ ಹೊತ್ತಿಗೆ ಸರಿಯಾಗಿ ಬರುವ ಮೆಸೇಜೊಂದಿತ್ತು: ‘ಇವತ್ತು ಹೋಗದೆ ಇರಲು ಒಂದು ನೆಪ ಬೇಕೇ? ಇಲ್ಲಿವೆ ನೋಡಿ.’ ಕೈ ನಡುಗುತ್ತಿದ್ದರೆ ಒಮ್ಮೆಲೇ ಬಿಡಬೇಡಿ, ಮೊದಲು ಡಾಕ್ಟರನ್ನು ಕಾಣಿ ಎಂದೂ ಇತ್ತು. ಆ ಮಾತು ನನಗೂ ಗೊತ್ತಿರಲಿಲ್ಲ.

ಕುಡಿತ ಕೆಟ್ಟದ್ದು ಎಂದು ವೇದಿಕೆಯ ಮೇಲೆ ನಿಂತು ಎಷ್ಟು ಭಾಷಣ ಮಾಡಿದ್ದೇನೆ! ಅದು ಕೆಟ್ಟದ್ದೆಂದು ಗೊತ್ತಿಲ್ಲದ ಹುಡುಗ ಯಾರಿದ್ದಾನೆ? ಮನುಷ್ಯರ ಮುಂದೆ ಹೇಳಲಾಗದ್ದನ್ನು ಒಬ್ಬ ಹುಡುಗ ಮೊಬೈಲಿನ ಮುಂದೆ ಹೇಳಲಿ ಎಂದು ಯಾರೋ ತಲೆ ಕೆಡಿಸಿಕೊಂಡು ಇದನ್ನು ಮಾಡಿದ್ದರು. ನಾವು ಅದನ್ನು ಲ್ಯಾಬಿನಲ್ಲಿ ಮೂವರು ಮೂವರನ್ನು ಕೂರಿಸಿ ಬರೆಸಿದೆವು. ಆ ಆರು ವಾರ ಸಿಕ್ಕಿದ್ದರೆ ಹನುಮೇಶ ಬಿಡುತ್ತಿದ್ದನೇ? ಗೊತ್ತಿಲ್ಲ. ಬಿಡದೆಯೂ ಇರಬಹುದಿತ್ತು. ಆದರೆ ಎರಡು ಸಲವಾದರೂ ಅವನಿಗೆ ಯಾರೋ ಫೋನು ಮಾಡಿ ಹೇಗಿದ್ದೀಯಪ್ಪಾ ಎಂದು ಕೇಳುತ್ತಿದ್ದರು.

ಭಾನುವಾರ ದೇವದುರ್ಗಕ್ಕೆ ಹೋದೆ.

ಅವನ ತಾಯಿ ದುರುಗಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ನಾನು ಹನುಮೇಶನ ಕನ್ನಡ ಮೇಡಂ ಎಂದದ್ದೇ ತಡ, ಎಷ್ಟು ಸಂಭ್ರಮ! “ಬರ್ರಿ ಮೇಡಂ, ಒಳಗ ಬರ್ರಿ. ನಿಮ್ಮ ಹೆಸರು ದಿನಾ ನೋಡ್ತೀವ್ರಿ ನಾವು” ಎಂದು ಗೋಡೆ ತೋರಿಸಿದಳು. ಆಗಲೇ ನಾನು ಆ ಫ್ರೇಮು ನೋಡಿದ್ದು.

ಹನುಮೇಶ ಮೂಲೆಯಲ್ಲಿ ದುಪ್ಪಡಿ ಹೊದ್ದು ಕೂತಿದ್ದ.

“ಕಾಲೇಜಿನಿಂದ ಜ್ವರ ಹಿಡಕೊಂಡು ಬಂದಾನ್ರಿ” ಎಂದಳು ತಾಯಿ. “ಮೂರು ದಿನ ಆತು, ಕೈ ನಡಗಾಕತ್ಯಾವ, ಬೆವರು ಬರಾಕತ್ತದ. ಉಣ್ಣು ಅಂದ್ರ ಉಣವಲ್ಲ.”

ನಾನು ಬಾಯಿ ತೆರೆಯುವ ಮೊದಲೇ ಅವಳು ಆ ಸರ್ಟಿಫಿಕೇಟಿನ ಕಥೆ ಶುರು ಮಾಡಿದಳು. ಅವಳ ಗಂಡ ಸತ್ತಿದ್ದು ಕುಡಿದು. ಹನುಮೇಶ ಆಗ ಏಳನೇ ಈಯತ್ತೆ. ಆಮೇಲೆ ಈ ಮನೆಯೊಳಗೆ ಆ ವಾಸನೆ ಬಂದಿಲ್ಲವಂತೆ. ಹೀಗಿರುವಾಗ ಯುಗಾದಿ ಹಿಂದುಮುಂದು ಪಕ್ಕದ ಮನೆಯ ಶರಣಮ್ಮ ಬಂದು, “ನಿನ್ನ ಮಗ ಮಾನ್ವ್ಯಾಗ ಕುಡದು ಬಿದ್ದಿದ್ದು ನನ್ನ ಕಣ್ಣಿಲೆ ನೋಡೀನಿ, ಈಗಾ ಹಿಡಿ ಹುಡುಗನ್ನ” ಎಂದಳಂತೆ.

“ನನಗ ಎಂಥಾ ಸಿಟ್ಟು ಬಂತಂದ್ರ! ಈ ಕಾಗದ ತಗೊಂಡು ಓಣ್ಯಾಗ ಹೋಗಿ ನಿಂತ್ನಿರಿ. ನೋಡು, ಕಣ್ಣು ಅದಾವಿಲ್ಲ ನಿನಗ? ಓದಿಸು ಯಾರ ಕಡೆರ. ನನ್ನ ಮಗ ಕುಡಿಯಂಗಿಲ್ಲ ಅಂತ ಕಾಲೇಜಿನ್ಯಾಗ ಮೇಡಂ ಬರದು ಸಹಿ ಮಾಡ್ಯಾರ. ನಿನ್ನ ಮಾತು ಕೇಳ್ಲೋ, ಮೇಡಂ ಮಾತು ಕೇಳ್ಲೋ? ಹಂಗಂದು ಬಾಯಿ ಮುಚ್ಚಿಸೀನ್ರಿ. ಅವತ್ತಿನಿಂದ ಆಕಿ ಮನಿಗೂ ನಮ್ಮ ಮನಿಗೂ ಮಾತಿಲ್ಲ, ಕಥಿ ಇಲ್ಲ. ಮರುದಿನಾನ ಇದಕ್ಕ ಕಟ್ಟು ಹಾಕಿಸ್ದೆ.”

ಹನುಮೇಶ ನೆಲ ನೋಡುತ್ತಿದ್ದ. ತಾಯಿ ಓಣಿಯಲ್ಲಿ ನಿಂತು ಕೂಗುವಾಗ ಅವನು ಇದೇ ಬಾಗಿಲಲ್ಲಿ ನಿಂತಿದ್ದನಂತೆ. ಅವತ್ತಾದರೂ ಬಾಯಿ ಬಿಡಬಹುದಿತ್ತು ಎನ್ನುತ್ತೀರಾ? ಹೇಗೆ ಬಿಡುತ್ತಾನೆ? ಸಹಿ ಮಾಡಿದವಳು ನಾನು, ಬಾಯಿ ಬಿಡಬೇಕಾದವನು ಅವನೇ?

ನನಗೆ ಧೈರ್ಯ ಸಾಲಲಿಲ್ಲ. ಎದುರಿಗೆ ಆ ತಾಯಿ, ಗೋಡೆಯ ಮೇಲೆ ಆ ಫ್ರೇಮು. ಏನೋ ದಾರಿ ಸಿಕ್ಕೀತು ಎಂದುಕೊಂಡು ಮೊಬೈಲು ತೆಗೆದೆ, ಈ ವರ್ಷದ ಲಿಂಕು ತೆರೆದು ಹನುಮೇಶನ ಕೈಗೆ ಕೊಟ್ಟೆ. “ಇದನ್ನ ತುಂಬಪ್ಪಾ. ಈ ಸಲ ನೀನಾ ತುಂಬು.” ಮತ್ತೆ ಅದೇ ತಪ್ಪು ನೋಡಿ! ಹೋದ ವರ್ಷ ಸ್ಟಾಫ್‌ರೂಮಿನಲ್ಲಿ ಚಾ ಕುಡಿಯುವವರ ಎದುರಿಗೆ, ಈ ವರ್ಷ ಹೆತ್ತವ್ವನ ಎದುರಿಗೆ. ಒಬ್ಬನನ್ನೇ ಬಿಡಬೇಕು ಎಂಬುದು ನನ್ನ ತಲೆಗೆ ಇನ್ನೂ ಹೋಗಿರಲಿಲ್ಲ.

ದುರುಗಮ್ಮ ಮಗನ ಹೆಗಲ ಮೇಲಿನಿಂದ ಇಣುಕಿದಳು. ಅವಳಿಗೆ ಓದು ಬರುವುದಿಲ್ಲ, ಅಂಕಿ ಬರುತ್ತವೆ. ಎಷ್ಟು ಮಕ್ಕಳಿಗೆ ಎಷ್ಟು ಅಕ್ಕಿ ಎಂದು ದಿನಾ ಲೆಕ್ಕ ಹಾಕುವವಳು.

“ಏನ್ ಕೇಳ್ಯಾರೋ?”

“ವಾರದಾಗ ಎಷ್ಟು ದಿನ ಕುಡೀತೀ ಅಂತ ಕೇಳ್ಯಾರಬೇ.”

ಹನುಮೇಶ ನಡುಗುವ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಒತ್ತಿದ. ಸೊನ್ನೆ.

“ನೋಡಿದ್ರೇನ್ರಿ?” ಎಂದಳು ತಾಯಿ. ಅವಳ ಮುಖ ಅರಳಿತ್ತು. “ನಾ ಹೇಳಲಿಲ್ಲಾ?”

ಇನ್ನು ತಡೆಯಲಾಗಲಿಲ್ಲ. ಎದ್ದು ಅವಳ ಕೈ ಹಿಡಿದೆ. “ಯವ್ವಾ, ಗ್ವಾಡಿ ಮ್ಯಾಲಿಂದು ಸುಳ್ಳು. ನಿನ್ನ ಮಗ ಖರೇನಾ ಬರದಿದ್ದ. ನಾನಾ ಅಳಿಸಿ ಸುಳ್ಳು ಬರಿಸೀನಿ. ಇದು ಜ್ವರ ಅಲ್ಲ ಯವ್ವಾ. ಇವತ್ತಾ ದವಾಖಾನಿಗೆ ಕರ್ಕೊಂಡು ಹೋಗಬೇಕು, ನಾನೂ ಬರ್ತೀನಿ” ಎಂದೆ. ಇನ್ನೇನೇನು ಹೇಳಿದೆನೋ ನೆನಪಿಲ್ಲ.

ಅವಳು ಬೈಯಲಿಲ್ಲ. ಗೋಡೆ ನೋಡಿದಳು, ಮಗನನ್ನು ನೋಡಿದಳು, ನನ್ನನ್ನು ನೋಡಿದಳು.

“ಹಂಗಾದ್ರ ಶರಣಮ್ಮ ಹೇಳಿದ್ದು ಖರೇ ಏನ್ರಿ?”

ತಲೆ ಆಡಿಸಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಬರಿಗಾಲಲ್ಲೇ ಹೊರಗೆ ಹೋದಳು. ಪಕ್ಕದ ಮನೆಯ ಬಾಗಿಲು ಬಡಿಯುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಳು ಕೇಳಿಸಿತು. ಒಬ್ಬಳದಲ್ಲ, ಇಬ್ಬರದು. ಆಮೇಲೆ ಶರಣಮ್ಮನದೇ ಇರಬೇಕು, ಗಟ್ಟಿ ದನಿ: “ಅಳೂದು ಸಾಕು, ಏಳು, ಆಟೋ ಕರೀತೀನಿ.”

ಒಳಗೆ ನಾನು ಮತ್ತು ಹನುಮೇಶ ಇಬ್ಬರೇ. ಮೊಬೈಲು ಇನ್ನೂ ಅವನ ಕೈಯಲ್ಲೇ ಇತ್ತು. ಉಳಿದ ಪ್ರಶ್ನೆಗಳಿಗೂ ಅವನು ಹಾಗೆಯೇ ಒತ್ತಿದ್ದ; ಹಸಿರು ಬಂದಿತ್ತು, ಅಭಿನಂದನೆಗಳು ಎಂದು ಬರೆದಿತ್ತು.

“ಈಗರ ಖರೇ ಒತ್ತಬೇಕಿಲ್ಲೋ ಹನುಮೇಶ? ಯಾಕಪ್ಪಾ ಮತ್ತ ಸೊನ್ನಿ ಹಾಕ್ದಿ?” ಎಂದೆ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಪದ್ಯ ಓದಿ ಮುಗಿಸಿದ ಮೇಲೆ ನೋಡುತ್ತಿದ್ದನಲ್ಲ, ಹಾಗೆಯೇ ನನ್ನ ಕಡೆ ನೋಡಿದ.

“ನೀವಾ ಹೇಳಿದ್ರಲ್ರಿ ಮೇಡಂ, ಸೊನ್ನಿ ಹಾಕಿದ್ರ ಯಾರಿಗೂ ತ್ರಾಸಿಲ್ಲಂತ?”